ಮಂಜಿನಲ್ಲಿ ಕಂಡ ಪ್ರತಿಮೆ

ತಿಪಟೂರಿನ ಪಂಕಜಾಕ್ಷಿ ಮತ್ತು ಅವರ ಗಂಡ ನಂಜಪ್ಪ ಅಗ್ಗದ ಟೂರಿನಲ್ಲಿ ಬ್ರೆಜಿಲ್‌ನ ರಿಯೊ ನಗರಕ್ಕೆ ಬಂದಿದ್ದರು. ಅಗ್ಗದ ಟೂರು ಅಂದಮೇಲೆ ಕೇಳಬೇಕೆ? ಬೆಳಿಗ್ಗೆ ಬೆಟ್ಟದ ಮೇಲೆ ಕೈಚಾಚಿ ನಿಂತ ಕ್ರಿಸ್ತನ ದೊಡ್ಡ ಪ್ರತಿಮೆ, ಮಧ್ಯಾಹ್ನ ಸಮುದ್ರ, ರಾತ್ರಿ ವಾಪಸ್ ವಿಮಾನ.

ಬೆಟ್ಟ ಹತ್ತಿದರೆ ಬರೀ ಮಂಜು. ಪ್ರತಿಮೆಯ ಪಾದವೂ ಕಾಣದು. ಜೊತೆಗೆ ಬಂದಿದ್ದ ರೈಸ್‌ಮಿಲ್ ಮಲ್ಲೇಶಪ್ಪನವರು ಗೈಡಿನ ಮೇಲೆ ಹರಿಹಾಯ್ದರು.

“ಫೋಟೋ ತೆಗೀದೆ ನಾನು ಕದಲೋನಲ್ಲ. ಬಸ್ಸೂ ಕದಲಬಾರದು!”

ಗೈಡು ಕೈಕೈ ಹಿಸುಕಿಕೊಂಡ. ಹೀಗಾದರೆ ಸಮುದ್ರಕ್ಕೆ ಎಳ್ಳುನೀರೇ ಎಂದು ಪಂಕಜಾಕ್ಷಿಗೆ ಪಿತ್ತ ನೆತ್ತಿಗೇರಿತು. ಸ್ನಾನಕ್ಕೆಂದು ತಂದಿದ್ದ ಬಿಳಿ ಪಂಚೆಯನ್ನು ಗಂಡನಿಗೆ ಕತ್ತಿನಿಂದ ಕಾಲಿನವರೆಗೆ ಸುತ್ತಿ, ದೂರದ ಕಟ್ಟೆಯೊಂದರ ಮೇಲೆ ಹತ್ತಿಸಿದರು.

“ಕೈ ಚಾಚ್ರೀ. ಕೆಮ್ಮಿದ್ರೆ ನೋಡಿ ಮತ್ತೆ!”

ಆಮೇಲೆ ಓಡಿಬಂದು ಕೂಗಿದರು: “ಯಜಮಾನ್ರೇ, ಅಗೋ ನೋಡಿ, ಕಾಣಿಸ್ತು!”

ಮಂಜಿನಲ್ಲಿ ಬಿಳಿ ಆಕೃತಿ ಕಂಡದ್ದೇ ಮಲ್ಲೇಶಪ್ಪನವರು ಚಪ್ಪಲಿ ಬಿಟ್ಟು ಕೈಮುಗಿದರು. ಕೂತು, ನಿಂತು, ಬಗ್ಗಿ ಫೋಟೋ ತೆಗೆದರು. “ಎಂಥ ಗಾಂಭೀರ್ಯ!” ಎಂದು ಕಣ್ಣೊರೆಸಿಕೊಂಡು, ತಾವೇ ಮೊದಲು ಬಸ್ಸು ಹತ್ತಿದರು.

ಮಧ್ಯಾಹ್ನ ನಂಜಪ್ಪ ಸಮುದ್ರದಲ್ಲಿ ಎಮ್ಮೆಯ ಹಾಗೆ ಬಿದ್ದುಕೊಂಡಿದ್ದಾಗ ಮೋಡ ಸರಿಯಿತು. ದೂರದ ಬೆಟ್ಟದ ಮೇಲೆ ನಿಜವಾದ ಪ್ರತಿಮೆ ಫಳಫಳ ಹೊಳೆಯಿತು. ದಡದಲ್ಲಿ ಕೂತಿದ್ದ ಮಲ್ಲೇಶಪ್ಪನವರು ಅದನ್ನು ನೋಡಿದರು. ಫೋನಿನಲ್ಲಿದ್ದ ಫೋಟೋ ನೋಡಿದರು. ಪಂಕಜಾಕ್ಷಿಯ ಕಡೆ ತಿರುಗಿ ಮೂಗು ಮುರಿದರು.

“ಅದು ಡೂಪ್ಲಿಕೇಟು ಕಣಮ್ಮಾ. ಅಸಲಿ ಪ್ರತಿಮೆಗೆ ಸ್ವಲ್ಪ ಹೊಟ್ಟೆ ಇದೆ!”