ಬಾಯಿ ಮುಟ್ಟಿಸುವ ಶಾಸ್ತ್ರ

ಹೊಳೆಯ ದಂಡೆಯ ಆಶ್ರಮದಲ್ಲಿ ಒಬ್ಬ ಗುರುಗಳಿದ್ದರು. ತುಂಬ ವಯಸ್ಸಾಗಿತ್ತು, ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಮುಲಾಜು ಅನ್ನುವುದು ಹಲ್ಲಿಗಿಂತ ಮೊದಲೇ ಉದುರಿಹೋಗಿತ್ತು.

ಅವರ ಶಿಷ್ಯೆ ಸರ್ವಮಂಗಳೆ, ಮರದ ಆಟಿಕೆ ಮಾಡುವ ಮನೆತನದವಳು. ಮೂರು ತಲೆಮಾರಿನ ಕಾರ್ಖಾನೆ, ಬಾಗಿಲ ಮೇಲೆ ಅಜ್ಜನ ಹೆಸರು. ಯಜಮಾನಿಕೆ ದೊಡ್ಡಪ್ಪ ವೀರಭದ್ರಾಚಾರಿಯವರದು. ಬಣ್ಣದ ಕೋಣೆ ಇವಳದು.

ಒಂದು ಬೆಳಿಗ್ಗೆ ಅವಳು ಬಂದು ನಮಸ್ಕರಿಸಿ, ತಲೆ ತಗ್ಗಿಸಿ ಕುಳಿತಳು.

"ಏನು ಕೇಳೋಕೆ ಬಂದೆ?" ಎಂದರು ಗುರುಗಳು.

"ಸುಮ್ಮನಿರೋಕೆ ಅಪ್ಪಣೆ ಕೇಳೋಕೆ ಬಂದೆ, ಬುದ್ಧಿ."

"ಸುಮ್ಮನಿರೋರು ಇಷ್ಟು ದೂರ ನಡೆದು ಬರ್ತಾರಾ? ವಿಷಯ ಹೇಳು."

ಅವಳು ಹೇಳಿದಳು. ಅವರ ಮನೆಯಲ್ಲಿ ಒಂದು ಶಾಸ್ತ್ರವಿದೆ. ಯಾವುದೇ ಹೊಸ ಬಣ್ಣ ಬರಲಿ, ಆ ಬಣ್ಣದ ಮೊದಲ ಗಿಲಕಿಯನ್ನು ಮನೆಯ ಅತಿ ಚಿಕ್ಕ ಮಗುವಿನ ಬಾಯಿಗೆ ಯಜಮಾನ ತನ್ನ ಕೈಯಾರೆ ಮುಟ್ಟಿಸಬೇಕು. ಮಗು ಚೀಪಿದ ಮೇಲೆಯೇ ಮಾಲು ಅಂಗಡಿಗೆ. ಈಗ ಪಟ್ಟಣದ ದೊಡ್ಡ ವ್ಯಾಪಾರಿಯೊಬ್ಬ ಡಬ್ಬಿ ಬಣ್ಣ ತಂದುಕೊಟ್ಟಿದ್ದಾನೆ. ಹೊಳಪು ಜಾಸ್ತಿ, ಗಳಿಗೆಯಲ್ಲಿ ಒಣಗುತ್ತದೆ. ಐದು ಸಾವಿರ ಗಿಲಕಿ ತಯಾರಾಗಿವೆ. ನಾಳೆ ಲಾರಿ ಬರುತ್ತದೆ.

"ಬಾಯಿ ಮುಟ್ಟಿಸಿದ್ರಾ?"

"ಮುಟ್ಟಿಸಿದ್ರು. ದೇವರ ಮನೆ ತೊಟ್ಟಿಲಲ್ಲಿರೋ ಬೆಳ್ಳಿ ಕೃಷ್ಣನ ಬಾಯಿಗೆ."

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾಕೆ, ಮನೇಲಿ ಮಗು ಇಲ್ವಾ?"

"ಇದೆ. ದೊಡ್ಡಪ್ಪನ ಮೊಮ್ಮಗಳು, ಎಂಟು ತಿಂಗಳು. ನೆಗಡಿ ಆಗಿದೆ ಅಂದ್ರು."

"ಆಗಿತ್ತಾ?"

"ಇಲ್ಲ ಬುದ್ಧಿ. ಡಬ್ಬಿ ಮೇಲೆ ಬರೆದಿದೆ, ಮಕ್ಕಳ ಕೈಗೆ ಸಿಗದಂತೆ ಇಡಿ ಅಂತ."

ಗುರುಗಳ ನಗು ನಿಂತಿತು.

"ದೊಡ್ಡ ದೊಡ್ಡ ಕಂಪನಿಗಳೂ ಇದನ್ನೇ ಹಚ್ತಾವೆ ಅಂತಾರೆ ದೊಡ್ಡಪ್ಪ."

"ಹಚ್ಚಲಿ. ಆ ಕಂಪನಿಗಳ ಒಳಗೆ ತೊಟ್ಟಿಲು ಎಲ್ಲಿದೆ? ನಿಮ್ಮಲ್ಲಿ ಇದೆ. ಇದ್ದೂ ಬೆಳ್ಳಿ ಗೊಂಬೆ ಹುಡುಕಿದ್ರಲ್ಲ!" ಗುರುಗಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಬೇರೆ ಬಣ್ಣವೇ ಇಲ್ವಾ?"

"ನಾನೇ ತೆಗೆದಿದ್ದೀನಿ. ಅರಗಿಗೆ ಅರಿಶಿನ, ನೀಲಿ ಸೇರಿಸಿ ಎಳೆಹಸಿರು. ಎರಡು ವರ್ಷ ಹಿಡೀತು. ಮಗು ದಿನಾ ಅದನ್ನೇ ಚೀಪುತ್ತೆ. ಆದ್ರೆ ದೊಡ್ಡಪ್ಪ, 'ನಮ್ಮಪ್ಪ ಹಾಕಿಕೊಟ್ಟ ದಾರಿ ಇದೆ, ನಮ್ಮಲ್ಲಿ ಹೊಸದೇನೂ ಬರಬಾರದು' ಅಂದ್ರು."

"ಹೊಸದು ಬರಬಾರದು ಅಂತಲೋ, ನಿನ್ನ ಕೈಯಿಂದ ಬರಬಾರದು ಅಂತಲೋ?"

ಅವಳಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕಣ್ಣು ತುಂಬಿತು.

"ಎದುರು ಮಾತಾಡಿದ್ರೆ ಮನೆ ಒಡೆಯುತ್ತೆ ಬುದ್ಧಿ. ನನ್ನನ್ನ ಬಣ್ಣದ ಕೋಣೆಯಿಂದ ಹೊರಗೆ ಹಾಕ್ತಾರೆ. ಆ ಕೋಣೆ ಬಿಟ್ರೆ ನನಗೆ ಏನೂ ಇಲ್ಲ."

ಗುರುಗಳು ಸಮಾಧಾನ ಹೇಳಲಿಲ್ಲ. ಹೇಳುವ ಪೈಕಿಯವರೂ ಅಲ್ಲ.

ಅಷ್ಟರಲ್ಲಿ ವೀರಭದ್ರಾಚಾರಿಯವರೇ ಬಂದರು, ಕೈಯಲ್ಲಿ ಬುಟ್ಟಿ ಹಿಡಿದು. ಬುಟ್ಟಿ ತುಂಬ ಹೊಸ ಗಿಲಕಿಗಳು, ಕೆಂಪಗೆ ಥಳಥಳ ಹೊಳೆಯುತ್ತಿದ್ದವು. ಲಾರಿ ಹೊರಡುವ ಮೊದಲು ಅವರಿಗೆ ಗುರುಗಳ ಆಶೀರ್ವಾದ ಬೇಕಿತ್ತು. ತಮ್ಮನ ಮಗಳನ್ನು ಅಲ್ಲಿ ಕಂಡು ಹುಬ್ಬು ಗಂಟಿಕ್ಕಿದರು, ಆದರೂ ಬುಟ್ಟಿಯನ್ನು ಗುರುಗಳ ಮುಂದಿಟ್ಟರು.

"ಒಂದ್ಸಲ ಮುಟ್ಟಿ ಹರಸಬೇಕು, ಬುದ್ಧಿ."

ಗುರುಗಳು ಒಂದು ಗಿಲಕಿ ಎತ್ತಿ ಅಲ್ಲಾಡಿಸಿದರು.

"ಚೆನ್ನಾಗಿದೆ ವೀರಭದ್ರ. ನನಗೂ ಹಲ್ಲಿಲ್ಲ, ಈ ಆಶ್ರಮದ ಕೂಸು ನಾನೇ," ಎನ್ನುತ್ತ ಅದನ್ನು ಬಾಯಿಗೆ ತಂದರು.

"ಬೇಡ!"

ವೀರಭದ್ರಾಚಾರಿ ಗುರುಗಳ ಕೈ ಹಿಡಿದುಕೊಂಡಿದ್ದರು. ಗಿಲಕಿ ನೆಲಕ್ಕೆ ಬಿದ್ದು ಉರುಳಿತು.

ಸರ್ವಮಂಗಳೆ ಎದ್ದು ನಿಂತಳು. ಬರುವಾಗ ಇದ್ದ ಹೆದರಿಕೆ ಈಗ ಇರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

"ಮೊಮ್ಮಗಳಿಗೂ ಬೇಡ, ಬುದ್ಧಿಯವರಿಗೂ ಬೇಡ. ಕಂಡವರ ಮಕ್ಕಳಿಗೆ ಆಗುತ್ತಾ ದೊಡ್ಡಪ್ಪ?"

"ಬಾಯಿ ಮುಚ್ಚು. ಕಾರ್ಖಾನೆ ನಮ್ಮದು. ಅಲ್ಲಿ ಏನಾಗಬೇಕು ಅಂತ ಹೇಳೋನು ನಾನು."

"ನಮ್ಮದು ಅಂತಾನೇ ಹೇಳ್ತಿರೋದು. ಬೇರೆಯವರದಾಗಿದ್ರೆ ಕೆಲಸ ಬಿಟ್ಟು ನನ್ನ ಪಾಡಿಗೆ ನಾನು ಹೋಗ್ತಿದ್ದೆ. ಆ ಬಣ್ಣ ಯಾವ ಮಗುವಿನ ಹೊಟ್ಟೆಗೆ ಹೋದ್ರೂ ಜೊತೆಗೆ ನಮ್ಮಜ್ಜನ ಹೆಸರೂ ಹೋಗುತ್ತೆ. ನಾಳೆ ಲಾರಿಗೆ ಅಡ್ಡ ಕೂರ್ತೀನಿ. ನನ್ನನ್ನ ಹೊರಗೆ ಹಾಕೋದಾದ್ರೆ ಹಾಕಿ. ಲಾರಿ ಮಾತ್ರ ಬಿಡಲ್ಲ."

ವೀರಭದ್ರಾಚಾರಿಯವರ ಮುಖ ಕೆಂಪೇರಿತು. ಗುರುಗಳ ಕಡೆ ತಿರುಗಿದರು.

"ಕೇಳಿದ್ರಾ ಬುದ್ಧಿ? ಹಿರಿಯರ ಮಾತು ಮೀರಬಾರದು ಅಂತ ಇವಳಿಗೆ ಕಲಿಸಿದೋರು ನೀವೇ ಅಲ್ವಾ?"

"ಕಲಿಸಿದ್ದು ನಾನೇ," ಎಂದರು ಗುರುಗಳು. "ಈಗ 'ಬೇಡ' ಅಂತ ಕೂಗಿದ ಹಿರಿಯ ನೀನೇ. ಅವಳು ಎಲ್ಲಿ ಮೀರಿದ್ಳು?"