ಬೆನ್ನಿನ ಹುಣ್ಣಿಗೊಂದು ಜರಡಿ

"ಗುರುಗಳೇ, ರೋಗಿಯ ಮೇಲೆ ಮರುಕವಿದ್ದರೆ ಸಾಲದೇ? ಆರೈಕೆ ಮಾಡುವವರೆಲ್ಲ ಒಂದೇ ಹೆಸರು ಹೇಳಬೇಕು, ಒಂದೇ ದರ್ಜೆ ಬರೆಯಬೇಕು ಎಂಬ ಕಟ್ಟುಪಾಡು ಏಕೆ?" ಎಂದು ಮಠದ ಆರೈಕೆ ಮನೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಏಲಕ್ಕಿ ವ್ಯಾಪಾರಿ ಇದ್ದ. ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡು ಪರಸ್ಥಳದ ಆಸ್ಪತ್ರೆಯೊಂದರಲ್ಲಿ ಅಂಗಾತ ಮಲಗಬೇಕಾಯಿತು. ಅಲ್ಲಿ ಮೂವರು ದಾದಿಯರು ಪಾಳಿಯ ಮೇಲೆ ಬರುತ್ತಿದ್ದರು. ಮೂವರೂ ಒಳ್ಳೆಯವರೇ. ಅಲುಗಿಸಿದರೆ ವ್ಯಾಪಾರಿ ಸತ್ತೆನೋ ಎಂದು ಕೂಗುತ್ತಿದ್ದ. ಪಾಪ ಎಂದು ಅವರು ಅಂಗಿಯ ಅಂಚು ಸರಿಸಿ, ಬಗ್ಗಿ ಇಣುಕಿ, ಕಂಡಷ್ಟನ್ನು ಮಂಚಕ್ಕೆ ತೂಗುಹಾಕಿದ್ದ ಹಲಗೆಯ ಮೇಲೆ ಬರೆದು ಹೋಗುತ್ತಿದ್ದರು.

ಹದಿನೈದು ದಿನಕ್ಕೆ ಬೆನ್ನಿನ ಬುಡದಲ್ಲಿ ಹುಣ್ಣಾಯಿತು. ಬೆಳಗಿನವಳು 'ಕೊಂಚ ಕೆಂಪು' ಎಂದು ಬರೆದು ಗಂಧ ಹಚ್ಚಿದಳು. ಸಂಜೆಯವಳು 'ಬೆವರುಸಾಲೆ' ಎಂದು ಬರೆದು, ಗಂಧ ಒರೆಸಿ ಪುಡಿ ಉದುರಿಸಿದಳು. ರಾತ್ರಿಯವಳು 'ತರಚು ಗಾಯ' ಎಂದು ಬರೆದು, ಪುಡಿ ತೊಳೆದು ಎಣ್ಣೆ ಸವರಿದಳು. ವೈದ್ಯ ಹಲಗೆ ಓದಿದ. ಮೂರೂ ಸಣ್ಣ ದೂರುಗಳೇ ಎಂದು ಮುಂದಿನ ಮಂಚಕ್ಕೆ ಹೋದ.

ಒಂದು ದಿನ ವ್ಯಾಪಾರಿಯ ಮೂಗಿಗೆ ವಾಸನೆ ಬಡಿಯಿತು. ಮಾಲು ಕೆಡುವ ವಾಸನೆ ಅವನಿಗೆ ಹೊಸದಲ್ಲ. ಈ ಸಲ ಕೆಡುತ್ತಿರುವುದು ತಾನೇ. ಹುಣ್ಣು ಎಲುಬಿಗೆ ಇಳಿದರೆ ತಾನು ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿ ಮೂವರನ್ನೂ ಕರೆಸಿದ.

"ತಾಯಂದಿರೇ, ಮಾಲು ಒಂದೇ, ನೀವು ಮೂರು ಹೆಸರಲ್ಲಿ ಮಾರುತ್ತಿದ್ದೀರಿ. ನನ್ನ ಅಂಗಡಿಯಲ್ಲಿ 'ಕೊಂಚ ದಪ್ಪ' ಎಂಬ ಏಲಕ್ಕಿ ಇಲ್ಲ. ಯಾವ ಜರಡಿಯ ಮೇಲೆ ನಿಂತಿತೋ ಅದೇ ಅದರ ದರ್ಜೆ. ಈ ಹುಣ್ಣಿಗೂ ಒಂದು ಜರಡಿ ಮಾಡಿ."

ಬೆಳಗಿನವಳು ನಕ್ಕಳು. "ನಿಮ್ಮ ಬೆನ್ನೇನು ಏಲಕ್ಕಿ ಮೂಟೆಯೇ, ಶೆಟ್ಟರೇ?"

"ಮೂಟೆಯಾಗಿದ್ದರೆ ಇಷ್ಟು ಹೊತ್ತಿಗೆ ಬಿಚ್ಚಿ ನೋಡಿರುತ್ತಿದ್ದಿರಿ."

ನಗು ನಿಂತಿತು. ದಾದಿಯರು ಕೂತು ನಾಲ್ಕು ದರ್ಜೆ ಮಾಡಿದರು. ಬೆರಳಿನಿಂದ ಒತ್ತಿದರೂ ಕೆಂಪು ಹೋಗದಿದ್ದರೆ ಒಂದು. ಚರ್ಮ ಕಿತ್ತುಬಂದಿದ್ದರೆ ಎರಡು. ಗುಳಿ ಬಿದ್ದಿದ್ದರೆ ಮೂರು. ಎಲುಬು ಕಂಡರೆ ನಾಲ್ಕು. ಪ್ರತಿ ಪಾಳಿಯವಳೂ ಪೂರಾ ನೋಡಿ ಅಂಕೆ ಬರೆಯಬೇಕು, ಬೇರೆ ಮಾತು ಬೇಡ. ಅಂದು ಹಲಗೆಯ ಮೇಲೆ ಬಿದ್ದದ್ದು ಮೂರು. ವೈದ್ಯ ಓದಿ, ನಿಂತುಬಿಟ್ಟ. ಒಂದೇ ಲೇಪ ಗೊತ್ತುಮಾಡಿದ.

ಮರುದಿನ ಸಂಜೆಯವಳು ಹಿಂದಿನ ಅಂಕೆಯನ್ನೇ ನಕಲು ಮಾಡಹೋದಳು. "ಮೂಟೆ ಬಿಚ್ಚದೆ ಬೆಲೆ ಕಟ್ಟಬೇಡ" ಎಂದು ವ್ಯಾಪಾರಿ ಗದರಿದ. ಅವಳು ಅವನನ್ನು ಮಗ್ಗುಲಿಗೆ ತಿರುಗಿಸಿದಳು. ಅವನು ಕೂಗಿದ, ಅವಳ ಮನೆತನವನ್ನೆಲ್ಲ ಬೈದ. ಆದರೆ ಬೇಡ ಎನ್ನಲಿಲ್ಲ.

ಎರಡು ತಿಂಗಳಿಗೆ ಗುಳಿ ತುಂಬಿತು, ಚರ್ಮ ಕೂಡಿತು. ವ್ಯಾಪಾರಿ ಊರಿಗೆ ಹೋಗಿ ಅಂಗಡಿ ತೆರೆದ.

ಶಿಷ್ಯ ಕೇಳಿದ: "ಅಷ್ಟು ಒಳ್ಳೆಯ ಲೇಪ ಯಾವುದು, ಗುರುಗಳೇ?"

ಗುರು ಹೇಳಿದರು: "ಲೇಪ ಸಾಧಾರಣದ್ದೇ, ಅಂಕೆ ಬರೆಯಬೇಕಾದ್ದರಿಂದ ಮೂರು ಹೊತ್ತೂ ಅವನನ್ನು ಹೊರಳಿಸಲೇಬೇಕಾಯಿತು, ಬೆನ್ನಿನ ಮೇಲಿನ ಭಾರ ಇಳಿದು ಹುಣ್ಣು ಮಾಯಿತು. ಅಲ್ಲಿಯವರೆಗೆ ಅಂಗಾತ ಬಿಟ್ಟು ಹುಣ್ಣು ಮಾಡಿದ್ದು ಮರುಕ."