ಮೀನು ಬಾರದ ಹನ್ನೊಂದು ದಿನ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಗುರುವಿನ ಹೆಸರು ಮರುಳಯ್ಯ. ಜಗತ್ತಿನಲ್ಲಿ ಹೊಸದಾಗಿ ಏನು ತಿಳಿದುಬಂತು ಎಂಬುದನ್ನು ಪತ್ರಿಕೆಯಿಂದ ಗಟ್ಟಿಯಾಗಿ ಓದುವುದೇ ಅಲ್ಲಿ ಸಂಜೆಯ ಪಾಠ. ಓದುವವಳು ಶಿಷ್ಯೆ ಚಿತ್ಕಲಾ.

“ಇರುವೆಗಳಲ್ಲಿ ಒಂದು ಜಾತಿ ಇದೆಯಂತೆ ಗುರುಗಳೇ. ಜೊತೆಯವಳ ಕಾಲಿಗೆ ಗಾಯವಾದರೆ ಆ ಕಾಲನ್ನೇ ಕಡಿದು ಜೀವ ಉಳಿಸುತ್ತವಂತೆ.”

“ಆಮೇಲೆ?”

“ದುಂಬಿಗಳು ಸಣ್ಣ ಚೆಂಡು ಉರುಳಿಸಿ ಆಡುತ್ತವಂತೆ. ಏನೂ ಸಿಗದಿದ್ದರೂ, ಸುಮ್ಮನೆ.”

“ಆಮೇಲೆ?”

“ನೀರಿಲ್ಲದೆ ಬಾಡುವ ಟೊಮೆಟೊ ಗಿಡ ನಮ್ಮ ಕಿವಿಗೆ ಕೇಳದ ಸದ್ದು ಮಾಡುತ್ತದಂತೆ.”

ಅಡುಗೆಯ ಹಾಲಮ್ಮ ಒಳಗಿನಿಂದಲೇ ಕೂಗಿದಳು. “ನನ್ನ ಸೊಂಟಾನೂ ಮಾಡ್ತದೆ. ಇಲ್ಲಿ ಯಾರಿಗೂ ಕೇಳ್ಸಲ್ಲ.”

ಚಿತ್ಕಲಾ ನಗುವನ್ನು ತಡೆದುಕೊಂಡು ಮುಂದಿನದನ್ನು ಓದಿದಳು. “ದೂರದ ಸಮುದ್ರವೊಂದರಲ್ಲಿ ಮೀನುಗಳು, ತಮಗೆ ತಿನ್ನಿಸಿದವರು ಯಾರು ಎಂದು ಗುರುತು ಹಿಡಿದು ಹಿಂಬಾಲಿಸಿದವಂತೆ. ಅವರ ಉಡುಪಿನ ಬಣ್ಣ ನೆನಪಿಟ್ಟುಕೊಂಡು.”

ಗುರು ಕಣ್ಣು ತೆರೆದರು. “ಇಷ್ಟರಲ್ಲಿ ನೀನು ಕಂಡದ್ದು ಯಾವುದು?”

“ಯಾವುದೂ ಇಲ್ಲ.”

ಗುರು ಅವಳ ಕೈಯಿಂದ ಪತ್ರಿಕೆ ತೆಗೆದುಕೊಂಡರು. ಆ ಜಾಗದಲ್ಲಿ ಒಂದು ಖಾಲಿ ನೋಟ್‌ಬುಕ್ ಇಟ್ಟರು.

“ನಮ್ಮ ಹೊಳೆಯ ಮೀನನ್ನು ಎಷ್ಟು ದಿನ ನೋಡಲಿ?”

“ನೂರು.”

ಆಶ್ರಮದ ಮೆಟ್ಟಿಲ ಕೆಳಗೆ ಹೊಳೆ ಆಳವಾಗಿ ಮಡುವಾಗಿತ್ತು. ಅದರ ತುಂಬ ಗೆಂಡೆ ಮೀನು. ಅಲ್ಲಿ ಬಲೆ ಹಾಕಬಾರದೆಂಬುದು ಊರಿನ ಹಳೆಯ ಕಟ್ಟಳೆ.

ದಸರೆಯಿಂದ ದೀಪಾವಳಿಯವರೆಗೆ ಚಿತ್ಕಲಾ ಒಂದು ನೀಲಿ ಶಾಲು ಹೊದ್ದು, ದಿನವೂ ಬೆಳಿಗ್ಗೆ ಮೀನಿಗೆ ಮಂಡಕ್ಕಿ ಹಾಕಿದಳು. ದೀಪಾವಳಿ ಕಳೆದ ಮೇಲೆ ಎಣಿಕೆ ಶುರುವಾಯಿತು. ಮೆಟ್ಟಿಲ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಬಿಳಿ ಶಾಲಿನ ಹಾಲಮ್ಮ. ಇಬ್ಬರೂ ಬರಿಗೈಯಲ್ಲಿ ನಿಲ್ಲುವುದು. ಮೀನು ಯಾರ ಕಡೆಗೆ ಬಂತೆಂದು ಬರೆಯುವುದು. ಬರೆದಾದ ಮೇಲೆಯೇ ಮಂಡಕ್ಕಿ.

ಮೀನು ಅವಳ ಕಡೆಗೆ ಬಂತು. ಮರುದಿನವೂ ಬಂತು.

“ಗುರುಗಳೇ, ಅವು ನನ್ನನ್ನು ಗುರುತು ಹಿಡಿಯುತ್ತವೆ!”

“ನಿನ್ನನ್ನೋ ಶಾಲನ್ನೋ?”

ಮಾರನೇ ಬೆಳಿಗ್ಗೆ ಇಬ್ಬರೂ ಶಾಲು ಅದಲುಬದಲು ಮಾಡಿಕೊಂಡರು. ಮೀನೆಲ್ಲ ಹಾಲಮ್ಮನ ಕಡೆಗೆ ನುಗ್ಗಿದವು.

ಹಾಲಮ್ಮ ಶಾಲಿನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ಬರಲಿ ಬರಲಿ. ಮದುವೆ ದಿನ ಕೂಡ ನನ್ನ ಸುತ್ತ ಇಷ್ಟು ಜನ ಸೇರಿರಲಿಲ್ಲ.”

ಚಿತ್ಕಲಾ ಮುಖ ಸಣ್ಣದು ಮಾಡಿಕೊಂಡಳು. ಆದರೂ ಬರೆದಳು. ಅಂದಿನಿಂದ ದಿನ ಬಿಟ್ಟು ದಿನ ಶಾಲು ಬದಲಾಯಿತು.

ನೂರು ದಿನ ಮುಗಿದ ವಾರವೇ ಊರಿನಿಂದ ಸುದ್ದಿ ಬಂತು. ಮಡುವಿನಲ್ಲೂ ಬಲೆ ಹಾಕಲು ಬಿಡಬೇಕೆಂದು ಮೀನುಗಾರ ದ್ಯಾಮಣ್ಣ ಕೇಳಿದ್ದಾನೆ. ಸೋಮವಾರ ಊರಕಟ್ಟೆಯಲ್ಲಿ ತೀರ್ಮಾನ.

ದ್ಯಾಮಣ್ಣನಷ್ಟು ಮೀನು ಬಲ್ಲವನು ಆ ಹೊಳೆಯ ಮೇಲೆ ಇನ್ನೊಬ್ಬನಿರಲಿಲ್ಲ. ಅವನ ವಾದ ಒಂದೇ. “ಮೀನಿಗೆಲ್ಲಿಂದ ಬರಬೇಕು ನೆನಪು? ಇವತ್ತು ಬಲೆ ಹಾಕಿದರೆ ನಾಳೆ ಮರೆತು ಅಲ್ಲೇ ಆಡ್ತಿರ್ತದೆ. ಮಡುವಿಗೆ ಏನೂ ಆಗಲ್ಲ.”

ಊರ ಗೌಡರು ಆಶ್ರಮಕ್ಕೂ ಹೇಳಿ ಕಳಿಸಿದ್ದರು. “ನಿಮ್ಮ ಹುಡುಗಿ ಮೂರು ತಿಂಗಳು ಮಡುವಿನ ಮುಂದೆ ಕೂತಿದ್ದಾಳೆ. ಅವಳೂ ಬಂದು ಒಂದು ಮಾತು ಹೇಳಲಿ.”

ಜನರ ಮುಂದೆ ಮಾತಾಡುವುದೆಂದರೆ ಚಿತ್ಕಲಾಳಿಗೆ ನಾಲಿಗೆ ಒಣಗುತ್ತಿತ್ತು. ಆದರೆ ಈ ಸಲ ಅವಳು ಹಿಂಜರಿಯಲಿಲ್ಲ. ಒಂದೇ ಹಾಳೆಯ ಮೇಲೆ ದುಂಡಗೆ ಬರೆದು ತಂದಳು.

‘ದಿನವೂ ನೋಡಿದೆ. ನೀಲಿ ಶಾಲು ಯಾರ ಮೇಲಿದ್ದರೂ ಮೀನು ಅದರ ಕಡೆಗೇ ಬಂತು. ಮೀನಿಗೆ ನೆನಪಿದೆ.’

ಗುರು ಓದಿದರು. ಹಾಳೆಯನ್ನು ವಾಪಸು ಕೊಟ್ಟರು.

“ಈ ಮಾತು ನಿಜವಾದರೆ ಯಾರಿಗೆ ನಷ್ಟ?”

“ದ್ಯಾಮಣ್ಣನಿಗೆ.”

“ಹಾಗಾದರೆ ಮೊದಲು ಅವನಿಗೆ ಓದಿ ಹೇಳಿ ಬಾ.”

ದ್ಯಾಮಣ್ಣ ಮನೆಯ ಮುಂದೆ ಬಲೆ ಹರಡಿಕೊಂಡು ಅದರ ಹರಿದ ಕಣ್ಣು ಕಟ್ಟುತ್ತಿದ್ದ. ಅವಳು ನಿಂತೇ ಓದಿದಳು. ಅವನು ತಲೆ ಎತ್ತದೆ ಕೇಳಿದ. ಆಮೇಲೆ ನಕ್ಕ.

“ದಿನವೂ ಬಂತಾ ತಂಗೀ?”

“ದಿನವೂ.”

“ಸಂಕ್ರಾಂತಿ ಮಾರನೇ ದಿನ? ಅವತ್ತು ನಾನು ಆ ದಡದಲ್ಲಿ ಬಲೆ ಒಣಗಿಸ್ತಾ ಕೂತಿದ್ದೆ. ನೀನು ಈ ಕಡೆ, ಹಾಲಮ್ಮ ಆ ಕಡೆ. ನಡುವೆ ಬರೀ ನೀರು. ಒಂದು ಮೀನೂ ಇರಲಿಲ್ಲ. ಇಬ್ಬರೂ ಬಸ್ಸು ಕಾಯೋರ ಹಂಗೆ ನಿಂತಿದ್ರಿ.”

ಚಿತ್ಕಲಾಳ ಕಿವಿ ಕೆಂಪಾಯಿತು.

“ಸೋಮವಾರ ಇದನ್ನೇ ಓದು,” ಎಂದ ದ್ಯಾಮಣ್ಣ. “ಓದಿದ ಮೇಲೆ ನಾನು ಸಂಕ್ರಾಂತಿ ಕಥೆ ಹೇಳ್ತೀನಿ. ಕಟ್ಟೆ ತುಂಬ ನಗು.”

ಅವಳು ಆಶ್ರಮಕ್ಕೆ ಓಡುತ್ತಲೇ ಬಂದಳು. ಗುರು ಬಾವಿಯ ಹತ್ತಿರ ಸೊಪ್ಪಿನ ಮಡಿಗೆ ನೀರು ಬಿಡುತ್ತಿದ್ದರು.

“ಹಾಳೆಯಲ್ಲಿ ಎಷ್ಟು ದಿನ ಬಿಟ್ಟಿದ್ದೀಯ?” ಎಂದು ಕೇಳಿದರು. ಅವಳಿನ್ನೂ ಬಾಯಿಯೇ ತೆರೆದಿರಲಿಲ್ಲ.

“ಹನ್ನೊಂದು.”

“ಯಾಕೆ?”

“ಅವು ಕೆಟ್ಟ ದಿನ ಗುರುಗಳೇ. ನೀರು ರಾಡಿಯಾಗಿತ್ತೇನೋ. ಚಳಿ ಜಾಸ್ತಿ ಇತ್ತೇನೋ.”

“ರಾಡಿಯಾಗಿತ್ತಾ?”

ಅವಳು ನೋಟ್‌ಬುಕ್ ತೆರೆದು ನೋಡಿದಳು. “ಇಲ್ಲ. ತಿಳಿಯಾಗಿತ್ತು ಅಂತ ಬರೆದಿದ್ದೇನೆ.”

ಗುರು ಕಾಲುವೆಯ ಮಣ್ಣನ್ನು ಸಲಿಕೆಯಿಂದ ಸರಿಸಿದರು. ನೀರು ಮುಂದಿನ ಸಾಲಿಗೆ ಹರಿಯಿತು.

ಚಿತ್ಕಲಾಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. “ಹನ್ನೊಂದು ದಿನ ಬರಲಿಲ್ಲ ಅಂತ ಕಟ್ಟೆಯಲ್ಲಿ ಹೇಳಿದರೆ ಜನ ಏನಂತಾರೆ ಗೊತ್ತಾ? ದ್ಯಾಮಣ್ಣ ಹೇಳಿದ್ದೇ ಸರಿ, ಮೀನಿಗೆ ನೆನಪಿಲ್ಲ, ಹಾಕಿ ಬಲೆ ಅಂತಾರೆ. ನೂರರಲ್ಲಿ ಎಂಬತ್ತೊಂಬತ್ತು ದಿನ ನಿಜ. ಉಳಿದ ಹನ್ನೊಂದಕ್ಕೋಸ್ಕರ ಇಡೀ ಮಡು ಖಾಲಿಯಾಗಬೇಕಾ?”

“ಮಡು ಉಳಿಸೋ ಮಾತು ಬೇಕಿದ್ದರೆ ನಾನೇ ಹತ್ತು ಕಟ್ಟಿ ಕೊಡುತ್ತಿದ್ದೆ,” ಎಂದರು ಗುರು. “ಅದಕ್ಕೆ ನೀನು ನೂರು ದಿನ ಚಳಿಯಲ್ಲಿ ನಿಲ್ಲಬೇಕಿರಲಿಲ್ಲ.”

ಅವಳು ನೋಟ್‌ಬುಕ್ ಎತ್ತಿಕೊಂಡು ಒಳಗೆ ಹೋದಳು.

ಆ ಮಧ್ಯಾಹ್ನ ಊಟಕ್ಕೆ ಕರೆದರೂ ಬರಲಿಲ್ಲ. ಹಾಲಮ್ಮ ಬಾಗಿಲ ಸಂದಿಯಿಂದ ಇಣುಕಿದಳು. ಚಿತ್ಕಲಾ ನೆಲದ ಮೇಲೆ ಹೊಸ ಹಾಳೆ ಹಾಕಿಕೊಂಡು ನೂರೂ ದಿನವನ್ನು ಒಂದೊಂದಾಗಿ ಬರೆಯುತ್ತಿದ್ದಳು. ಬಂದ ದಿನಗಳ ನಡುವೆ, ಅದೇ ಶಾಯಿಯಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಬಾರದ ದಿನಗಳು.

ಸಂಜೆ ಹೊತ್ತಿಗೆ ಮತ್ತೆ ದ್ಯಾಮಣ್ಣನ ಮನೆಯ ಮುಂದೆ ನಿಂತಳು.

“ಮತ್ತೆ ಬಂದ್ಯಾ? ಬಲೆ ಕಟ್ಟೋಕೆ ಬರ್ತದಾ ನಿಂಗೆ? ಬಂದ್ರೆ ಕೂತ್ಕೋ.”

“ಬರಲ್ಲ. ಆದರೂ ಕೂತ್ಕೋತೀನಿ. ಪೂರ್ತಿ ಕೇಳಬೇಕು ನೀವು.”

ಅವಳು ಹನ್ನೊಂದು ದಿನವನ್ನೂ ಓದಿದಳು. “ದೀಪಾವಳಿ ಆದ ಮುಂದಿನ ವಾರ, ಮಂಗಳವಾರದಿಂದ ಮೂರು ದಿನ. ಷಷ್ಠಿ ಕಳೆದು ಮೂರು ದಿನ. ಎಳ್ಳಮಾವಾಸ್ಯೆ ಕಳೆದು ಮೂರು ದಿನ. ಸಂಕ್ರಾಂತಿ ಕಳೆದು ಎರಡು ದಿನ.”

ದ್ಯಾಮಣ್ಣನ ಕೈ ಬಲೆಯ ಮೇಲೆ ನಿಂತಿತು.

“ಇನ್ನೊಂದು ಸಲ ಓದು.”

ಅವಳು ಓದಿದಳು.

ಅವನು ಬಲೆಯನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಹೋಗುತ್ತಾ, “ಆಯ್ತು ಹೋಗವ್ವ, ಕತ್ತಲಾಗ್ತದೆ,” ಎಂದ. ಈ ಸಲ ನಗಲಿಲ್ಲ.

“ಅವನಿಗೆ ಸಿಟ್ಟು ಬಂತೋ ಏನೋ,” ಎಂದು ಅವಳು ಗುರುವಿಗೆ ಹೇಳಿದಳು.

“ಮೊದಲ ಸಲ ಏನು ಮಾಡಿದ?”

“ನಕ್ಕ.”

“ಹಾಗಾದರೆ ಈ ಸಲ ಕೇಳಿಸಿಕೊಂಡಿದ್ದಾನೆ.”

ಸೋಮವಾರ ಕಟ್ಟೆ ತುಂಬಿತ್ತು. ಗುರು ಹಿಂದಿನ ಸಾಲಿನಲ್ಲಿ ಬೇವಿನ ಮರಕ್ಕೆ ಒರಗಿ ಕೂತರು. ಚಿತ್ಕಲಾ ಎದ್ದು ನಿಂತಳು. ಹಾಳೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೊನೆಯವರೆಗೂ ಓದಿದಳು.

“ಎಂಬತ್ತೊಂಬತ್ತು ದಿನ ಶಾಲಿನ ಕಡೆಗೆ ಬಂದವು. ಹನ್ನೊಂದು ದಿನ ಯಾರ ಕಡೆಗೂ ಬರಲಿಲ್ಲ.”

“ಯಾಕೆ ಬರಲಿಲ್ಲ?” ಗೌಡರು ಕೇಳಿದರು.

“ಗೊತ್ತಿಲ್ಲ.”

ಕಟ್ಟೆಯ ಮೇಲೆ ಗುಜುಗುಜು ಎದ್ದಿತು. ಅವಳು ಕೂರಲಿಲ್ಲ.

“ಗಂಗಮ್ಮ ಮುನಿಸಿಕೊಂಡಿರಬೇಕು,” ಎಂದರು ಒಬ್ಬರು.

“ಮಂಡಕ್ಕಿ ಮೆತ್ತಗಾಗಿತ್ತೇನೋ.”

“ಅವತ್ತು ಶಾಲು ಹಾಲಮ್ಮನ ಮೇಲಿತ್ತಾ? ಮೀನೂ ಜೀವ ಅಲ್ವಾ, ಹೆದರ್ತದೆ.”

ಎಲ್ಲರೂ ನಕ್ಕರು. ಹಾಲಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕಳು.

“ಮೀನಿಗೆ ಚಳಿ ಅಂದ್ರೆ ನಿದ್ದೆ. ತಳದಲ್ಲಿ ಮಲಗಿರ್ತವೆ,” ಎಂದ ಇನ್ನೊಬ್ಬ. ಅವನು ಹಿಟ್ಟಿನ ಗಿರಣಿಯವನು.

ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ದ್ಯಾಮಣ್ಣ ಧಡಕ್ಕನೆ ಎದ್ದ.

“ಏನ್ರಯ್ಯಾ, ಮೀನಿನ ವಿಷಯ ಬಾಯಿಗೆ ಬಂದಂಗೆ ಆಡ್ತೀರಿ? ಗಿರಣಿಯೋನು ಹೇಳೋದು, ನಾನು ಕೇಳೋದಾ? ಯಾಕೆ ಬರಲಿಲ್ಲ ಅಂತ ನಂಗೆ ಗೊತ್ತೈತೆ!”

ಎಲ್ಲರೂ ಅವನತ್ತ ತಿರುಗಿದರು.

ಅವನಿಗೂ ತಾನು ಅಂದದ್ದು ಆಗಲೇ ಕೇಳಿಸಿತು. ಕೂರಬಹುದಿತ್ತು. ಕೂರಲಿಲ್ಲ.

“ಆ ನಾಲ್ಕು ಸಲಾನೂ ಹಿಂದಿನ ಸಂಜೆ ಮಡುವಿನ ತಲೆಗೆ, ನೀರು ಒಳಗೆ ಬರೋ ಕಡೆ, ಬಲೆ ಹಾಕಿದ್ದು ನಾನು. ಆಶ್ರಮದೋರು ಒಳಗೆ ಪಾಠಕ್ಕೆ ಕೂತಿರ್ತಾರಲ್ಲ, ಆ ಹೊತ್ತಿಗೆ. ಮೂರು ಸಲ ದೊಡ್ಡ ಬಲೆ. ಸಂಕ್ರಾಂತಿಗೆ ಸಣ್ಣದು. ಈ ತಂಗಿ ತಾರೀಖು ಓದೋವರೆಗೂ ನಂಗೂ ಹೊಳೆದಿರಲಿಲ್ಲ. ದೊಡ್ಡದಕ್ಕೆ ಮೂರು ದಿನ ಬಂದಿಲ್ಲ. ಸಣ್ಣದಕ್ಕೆ ಎರಡು.”

“ಕಟ್ಟಳೆ ಮುರಿದೆ ಅಂತ ಒಪ್ಕೊಳ್ತೀಯಾ?” ಗೌಡರು ಕೇಳಿದರು.

“ಒಪ್ಕೊಳ್ತೀನಿ. ಏನು ಶಿಕ್ಷೆ ಬೇಕಾದ್ರೂ ಕೊಡಿ. ಆದ್ರೆ ಚಳಿಗೆ ಮಲಗಿದ್ವು ಅನ್ನಬೇಡಿ.”

“ಹಾಗಾದ್ರೆ ಮೀನಿಗೆ ನೆನಪಿದೆ ಅಂತಾಯ್ತು,” ಎಂದರು ಗೌಡರು.

ದ್ಯಾಮಣ್ಣ ಟವೆಲಿನಿಂದ ಕತ್ತು ಒರೆಸಿಕೊಂಡು ಕೂತ.

ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಡುವಿನಲ್ಲಿ ಬಲೆ ಬೇಡ. ದ್ಯಾಮಣ್ಣ ಎಂದಿನಂತೆ ಸೇತುವೆಯ ಕೆಳಗೆ ಮೀನು ಹಿಡಿಯಲಿ. ಕಟ್ಟಳೆ ಮುರಿದದ್ದಕ್ಕೆ, ಒಂದು ವರ್ಷ ಮಡುವಿಗೆ ಯಾರೂ ಬಲೆ ಹಾಕದ ಹಾಗೆ ಅವನೇ ಕಾಯಲಿ.

ಮರುದಿನ ಬೆಳಿಗ್ಗೆ ದ್ಯಾಮಣ್ಣ ಮೆಟ್ಟಿಲಿಗೆ ಬಂದ. ಬಲೆ ಇಲ್ಲದೆ ಅವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕೊನೆಗೆ ಮೊಣಕಾಲು ಅಪ್ಪಿಕೊಂಡು ಕೂತ. ನೂರು ದಿನ ಮುಗಿದಿದ್ದರೂ ಎಣಿಕೆ ನಿಲ್ಲಿಸದ ಚಿತ್ಕಲಾ ನೀಲಿ ಶಾಲು ಹೊದ್ದು ನಿಂತಳು. ನೀರಿನ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ.

ಅದರ ಮರುದಿನವೂ ಅವನು ಬಂದ. ಅವತ್ತೂ ಮೀನು ಬರಲಿಲ್ಲ.

ಹೀಗೇ ಒಂದು ವಾರ ಕಳೆಯಿತು. ದ್ಯಾಮಣ್ಣ ಒಂದು ದಿನವೂ ತಪ್ಪಿಸಲಿಲ್ಲ. ಬಾರದಿರುವುದನ್ನು ಮೀನುಗಳೂ ತಪ್ಪಿಸಲಿಲ್ಲ. ಅವನು ಎದ್ದು ಹೋದ ಮೇಲೆ ನಡುಮಡುವಿನಲ್ಲಿ ಒಂದೆರಡು ಬೆನ್ನು ಕಾಣಿಸುತ್ತಿದ್ದವು, ಅಷ್ಟೇ.

ಎಂಟನೆಯ ದಿನ ಚಿತ್ಕಲಾ ಗುರುವಿನ ಮುಂದೆ ಬಂದು ಕೂತಳು.

“ಗುರುಗಳೇ, ಅವನು ಮೆಟ್ಟಿಲ ಮೇಲೆ ಇರುವಷ್ಟು ಹೊತ್ತು ಒಂದು ಮೀನೂ ಹತ್ತಿರ ಬರುವುದಿಲ್ಲ. ಹೀಗಾದರೆ ನನ್ನ ಎಣಿಕೆಯೆಲ್ಲ ಕೆಡುತ್ತದೆ. ಅಲ್ಲಿ ಕೂರಬೇಡ, ದೂರದಿಂದಲೇ ಕಾಯಿ ಅಂತ ಹೇಳಲಾ?”

ಗುರು ಅವಳ ನೋಟ್‌ಬುಕ್ ತೆಗೆದುಕೊಂಡರು. ಕೊನೆಯ ಏಳು ದಿನಗಳ ಸಾಲಿನ ಮೇಲೆ ಬೆರಳಾಡಿಸಿದರು. ಒಂದು ಹೊಸ ಹಾಳೆ ತಿರುವಿ ಅವಳ ಮುಂದಿಟ್ಟರು.

“ಬರಲಿ ಬಿಡು. ಮೀನು ಎಷ್ಟು ದಿನಕ್ಕೆ ಕ್ಷಮಿಸುತ್ತದೆ ಅಂತ ಯಾರೂ ಇನ್ನೂ ಎಣಿಸಿಲ್ಲ.”